ಆರ್‌ಸಿ (ರಿಮೋಟ್) ಕಾರಿನ ಸೆಟಪ್ ಸ್ಟೇಷನ್: ಹಿಂದಿನ ಚಕ್ರದ ಟೋ ನೋಡೋಕಂತ ತಗೊಂಡೆ

ಟೋ ಅಂದ್ರೆ ಮೇಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋ ಲೆಕ್ಕ. ಹಿಂದಿನ ಚಕ್ರ ಸೊಟ್ಟ ಇದ್ರೂ ಕಾರು ಓಡುತ್ತೆ, ಅದೇ ಪ್ರಾಬ್ಲಮ್ಮು. ನನ್ನ 1/10 ಅಳತೆಯ (ನಿಜ ಕಾರಿನ ಹತ್ತನೇ ಒಂದು) ಟೂರಿಂಗ್ ಕಾರು ಎಡಕ್ಕೆ ಎಳೀತಿತ್ತು, ರಿಮೋಟಲ್ಲಿ ಸ್ಟೀರಿಂಗ್ ಟ್ರಿಮ್ (ಸ್ಟೀರಿಂಗಿನ ನೇರ ಸ್ಥಾನ ಸರಿಹೊಂದಿಸೋದು) ಬಲಕ್ಕೆ ತಿರುಗಿಸಿ ನೇರ ಮಾಡ್ಕೊಂಡು ತಿಂಗಳುಗಟ್ಲೆ ಹಂಗೇ ಓಡಿಸ್ದೆ. ಎಡ ತಿರುವಲ್ಲಿ ಸರ್ರಂತ ತಿರುಗೋದು, ಬಲ ತಿರುವಲ್ಲಿ ಅಗಲಕ್ಕೆ ಹೋಗಿ ಸೀದಾ ಗೋಡೆಗೆ. ಟೈರ್ ಬೈದೆ, ಸರ್ವೋ (ಸ್ಟೀರಿಂಗ್ ತಿರುಗಿಸೋ ಪುಟ್ಟ ಮೋಟಾರು) ಬೈದೆ, ಕೊನೆಗೆ ಸರ್ವೋ ಬದಲಾಯಿಸಿದ್ದೂ ಆಯ್ತು.

ಆಮೇಲೆ ತಗೊಂಡಿದ್ದು ಈ ಅಕ್ರಿಲಿಕ್ ಸೆಟಪ್ ಸ್ಟೇಷನ್. ಚಕ್ರ ನಾಲ್ಕೂ ಬಿಚ್ಚಿ ಆ ಜಾಗಕ್ಕೆ ಬೇರಿಂಗ್ ಇರೋ ಪ್ಲೇಟು ಹಾಕ್ಬೇಕು, ಹಿಂದಿನ ಎರಡು ಪ್ಲೇಟಿನ ಮೇಲೆ ಡಿಗ್ರಿ ಗೆರೆ ಇರೋ ಉದ್ದದ ಗೇಜ್ ಇಟ್ರೆ ಎಡದ್ದು ಬಲದ್ದು ಬೇರೆ ಬೇರೆಯಾಗಿ ಟೋ ತೋರ್ಸುತ್ತೆ. ಇದೇ ಮುಖ್ಯ. ಯಾಕಂದ್ರೆ ಸ್ಕೇಲ್ ಹಿಡಿದು ಟೈರಿನ ಮುಂದಿನ ಅಂತರ ಹಿಂದಿನ ಅಂತರ ಅಳೆದ್ರೆ ಸಿಗೋದು ಎರಡರ ಒಟ್ಟು ಲೆಕ್ಕ ಮಾತ್ರ, ಅದೂ ಸುಮಾರು 64 ಮಿ.ಮೀ. ಟೈರಲ್ಲಿ 1 ಡಿಗ್ರಿ ಅಂದ್ರೆ 1.1 ಮಿ.ಮೀ. ಅಷ್ಟೇ, ರಬ್ಬರಿನ ಉಬ್ಬಲ್ಲೇ ಮುಚ್ಚಿಹೋಗುತ್ತೆ.

ಇಟ್ಟು ನೋಡಿದ್ರೆ ಎಡ 3 ಡಿಗ್ರಿ ಟೋ-ಇನ್ (ಚಕ್ರದ ಮುಂಭಾಗ ಒಳಮುಖ), ಬಲ 2! ಹಿಂಜ್ ಪಿನ್ (ಚಕ್ರದ ತೋಳು ಮೇಲೆ ಕೆಳಗೆ ಆಡೋ ಕಡ್ಡಿ) ಕೂರೋ ಬ್ಲಾಕ್ ಒಳಗೆ ಪುಟ್ಟ ಪ್ಲಾಸ್ಟಿಕ್ ಇನ್ಸರ್ಟ್ ಇರುತ್ತಲ್ಲ, ತೂತು ನಡುಮಧ್ಯ ಇರದೆ ಒಂದ್ಕಡೆಗೆ ಸರಿದಿರೋದು, ಅದನ್ನ ನಾನೇ ಒಂದ್ಸಲ ಬಿಚ್ಚಿ ಉಲ್ಟಾ ಕೂರಿಸಿದ್ದೆ. ಅರ್ಧ ಡಿಗ್ರಿ ಆ ಕಡೆಗಿರ್ಬೇಕಾದ್ದು ಈ ಕಡೆಗೆ ಬಂದು 1 ಡಿಗ್ರಿ ವ್ಯತ್ಯಾಸ. ಎಡದ ಚಕ್ರ ಬಲದ್ದಕ್ಕಿಂತ ಜಾಸ್ತಿ ಒಳಮುಖ, ಹಂಗಾಗಿ ಹಿಂಭಾಗ ಬಲಕ್ಕೆ ಜರುಗಿ ಮೂತಿ ಎಡಕ್ಕೆ ತಿರುಗ್ತಿತ್ತು, ಅದನ್ನ ಟ್ರಿಮ್ಮಲ್ಲಿ ಮುಚ್ಚಿದ್ರಿಂದ ಬಲಕ್ಕೆ ತಿರುಗೋಕೆ ಸ್ಟೀರಿಂಗೇ ಉಳೀತಿರ್ಲಿಲ್ಲ. ಇನ್ಸರ್ಟ್ ಸರಿಮಾಡಿ ಟ್ರಿಮ್ ಸೊನ್ನೆಗೆ ತಂದೆ, ಎರಡೂ ಕಡೆ 3, ಕಾರು ಗೆರೆ ಎಳೆದಂಗೆ ಹೋಯ್ತು. 2.5ಕ್ಕೂ ಇಳಿಸಿ ನೋಡ್ದೆ, ತಿರುವಲ್ಲಿ ಚುರುಕಾಗುತ್ತೆ ಆದ್ರೆ ಥ್ರಾಟಲ್ ಕೊಟ್ಟ ತಕ್ಷಣ ಹಿಂದೆ ಅಲ್ಲಾಡುತ್ತೆ, ನನ್ನ ಕೈಗೆ 3ಏ ಸರಿ.

ಈಗ ಬೈಗುಳ. ಗೇಜಿನ ಪಿನ್ ತೂತಲ್ಲಿ ಲೂಸು, ಕೈ ತಾಕಿದ್ರೆ ಕಾಲು ಡಿಗ್ರಿ ಆ ಕಡೆ ಈ ಕಡೆ. ಒಂದ್ಸಲ ಓದಿ, ಗೇಜ್ ತಿರುಗಿಸಿ ಇಟ್ಟು ಇನ್ನೊಂದ್ಸಲ ಓದಿ ಸರಾಸರಿ ತಗೋತೀನಿ. ಗೆರೆಗಳೂ ದಪ್ಪ, ಅಷ್ಟು ದಪ್ಪ ಯಾಕೆ ಹಾಕಿದ್ರೋ. ಜೊತೆಲಿ ಬಂದ ಚೀಟಿಲಿ ಚಿತ್ರ ಮಾತ್ರ, ಬ್ಯಾಟರಿ ಹಾಕಿಯೇ ಅಳೀಬೇಕು, ರೈಡ್ ಹೈಟ್ (ನೆಲದಿಂದ ಕಾರಿನ ತಳದ ಎತ್ತರ) ಮೊದ್ಲು ಸೆಟ್ ಮಾಡ್ಬೇಕು ಅನ್ನೋದೆಲ್ಲ ಒಂದಕ್ಷರ ಇಲ್ಲ. ಇನ್ನೊಂದು, ಸಮತಟ್ಟಾದ ಗಾಜು ಅಥವಾ ಕಲ್ಲಿನ ಹಲಗೆ ಇಲ್ದೆ ಊಟದ ಮೇಜಿನ ಮೇಲಿಟ್ಟು ಅಳೆದ್ರೆ ಕ್ಯಾಂಬರ್ (ಎದುರಿಂದ ನೋಡಿದ್ರೆ ಚಕ್ರದ ಓರೆ) ಪೂರ್ತಿ ಸುಳ್ಳು ಹೇಳುತ್ತೆ, ಅದು ಸ್ಟೇಷನ್ ತಪ್ಪಲ್ಲ ಬಿಡಿ. ಬಾಲ್ ಕಪ್ (ಕೊಂಡಿಯ ತುದಿಯ ಪ್ಲಾಸ್ಟಿಕ್ ಕೀಲು) ಸವೆದಿದ್ರೆ, ಪಿನ್ ಬಗ್ಗಿದ್ರೆ ಮೊದ್ಲು ಅದನ್ನ ಬದಲಾಯಿಸಿ, ಅಲ್ಲಾಡೋ ಚಕ್ರಕ್ಕೆ ಯಾವ ಗೇಜ್ ಇಟ್ಟು ಏನುಪಯೋಗ.

ಸುಮ್ನೆ ಮಣ್ಣಲ್ಲಿ ಹಾರಿಸಿ ಆಡೋರಿಗೆ ಇದು ಬೇಡ. ಟ್ರ್ಯಾಕಲ್ಲಿ ಓಡ್ಸೋರು, ಅದ್ರಲ್ಲೂ ನನ್ನಂಗೆ ಪದೇಪದೇ ಬಿಚ್ಚಿ ಜೋಡ್ಸೋ ಚಟ ಇರೋರು ತಗೊಳ್ಳಿ, 5ಕ್ಕೆ 4 ಕೊಡ್ತೀನಿ. ಹಳೇ ಸರ್ವೋ ಈಗ್ಲೂ ಡಬ್ಬಿಲಿದೆ, ಅದ್ರದ್ದೇನೂ ತಪ್ಪಿರ್ಲಿಲ್ಲ ಪಾಪ.