ಎರೆಮಣ್ಣಿನ ಮೇಲೆ ಅಂಗಳ: ಸ್ಟ್ಯಾಂಪ್ ಕಾಂಕ್ರೀಟಾ, ಪೇವರ್ ಬ್ಲಾಕಾ, ಜಲ್ಲಿ ಕಾಣುವ ಕಾಂಕ್ರೀಟಾ?

ನಮ್ಮ ಮನೆ ಬಳ್ಳಾರಿಯಲ್ಲಿ, ಸಿರುಗುಪ್ಪ ರಸ್ತೆಯ ಕಡೆ. ಕೆಳಗೆಲ್ಲ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದವರಿಗೆ ಈ ಕಷ್ಟ ಇಷ್ಟಿಲ್ಲ. ನಾಲ್ಕು ವರ್ಷದಲ್ಲಿ ನಾವು ಮನೆ ಸುತ್ತ ಮೂರು ಬಗೆ ಹಾಕಿಸಿದ್ದೇವೆ. ಗೇಟಿನಿಂದ ಬಾಗಿಲವರೆಗೆ ಸ್ಟ್ಯಾಂಪ್ ಕಾಂಕ್ರೀಟ್, ಕಾರು ನಿಲ್ಲಿಸುವ ಕಡೆ ಪೇವರ್ ಬ್ಲಾಕ್, ಹಿತ್ತಲಲ್ಲಿ ಜಲ್ಲಿ ಕಾಣುವ ಕಾಂಕ್ರೀಟ್.

ನೋಡೋಕೆ ಸ್ಟ್ಯಾಂಪ್ ಕಾಂಕ್ರೀಟೇ ಚೆಂದ. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಉದುರಿಸಿ ರಬ್ಬರ್ ಅಚ್ಚು ಒತ್ತುತ್ತಾರೆ. ಕಲ್ಲು ಹಾಸಿದ ಹಾಗೇ ಕಾಣುತ್ತದೆ. ಆದರೆ ಅಚ್ಚು ಒತ್ತೋಕೆ ಸಿಗುವ ಹೊತ್ತು ಬಹಳ ಕಡಿಮೆ. ನಮ್ಮಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಜೊತೆಗೆ ಬಿಸಿಗಾಳಿ. ನಮ್ಮ ಕೆಲಸದವರು ಕಾಂಕ್ರೀಟ್ ಸುರಿದದ್ದು ಬೆಳಿಗ್ಗೆ ಹತ್ತಕ್ಕೆ, ಅದೂ ಏಪ್ರಿಲ್‌ನಲ್ಲಿ. ಬಾಗಿಲ ಹತ್ತಿರ ಶುರು ಮಾಡಿ ಗೇಟಿಗೆ ಬರುವಷ್ಟರಲ್ಲಿ ಅದು ಬಿಗಿದಿತ್ತು. ಬಾಗಿಲ ಬಳಿ ಅಚ್ಚು ಆಳವಾಗಿ ಬಿದ್ದಿದೆ, ಗೇಟಿನ ಬಳಿ ಹಳೇ ನಾಣ್ಯದ ಹಾಗೆ ಮಸುಕು. ಸಂಜೆಗೆ ಕೂದಲೆಳೆಯಂಥ ಬಿರುಕುಗಳೂ ಕಂಡವು. ಮೇಲಿನ ನೀರು ಬೇಗ ಆರಿದರೆ ಹಾಗಾಗುತ್ತದೆ. ಈ ಕೆಲಸಕ್ಕೆ ಡಿಸೆಂಬರ್, ಜನವರಿಯೇ ಸರಿ. ಅದೂ ನಸುಕಿನಲ್ಲೇ ಶುರು ಮಾಡಬೇಕು.

ಇನ್ನೊಂದು ತಪ್ಪು ನಮ್ಮದೇ. ನಾಲ್ಕು ಇಂಚು ದಪ್ಪದ ಕಾಂಕ್ರೀಟಿಗೆ 8ರಿಂದ 10 ಅಡಿಗೊಂದು ಗೆರೆ ಕೊಯ್ಯಬೇಕು, ಒಂದು ಇಂಚು ಆಳ, ಬಿರುಕು ಬಿಟ್ಟರೂ ಆ ಗೆರೆಯಲ್ಲೇ ಬಿಡಲಿ ಅಂತ. ಮರುದಿನದೊಳಗೆ ಅದು ಮುಗಿಯಬೇಕು. ಅಂದ ಕೆಡುತ್ತದೆ ಅಂತ ನಾವು ಬೇಡ ಅಂದೆವು. ಮೊದಲ ಮಳೆಗಾಲ ಕಳೆಯುತ್ತಲೇ ನಡುವೆ ಅಡ್ಡ ಬಿರುಕು ಬಿತ್ತು. ಅದನ್ನು ತುಂಬಿಸಿದ್ದೇವೆ, ಆದರೆ ಬಣ್ಣ ಹೊಂದಿಲ್ಲ. ಸ್ಟ್ಯಾಂಪ್ ಕಾಂಕ್ರೀಟಿನ ದೊಡ್ಡ ಕೊರತೆ ಇದೇ. ಒಂದು ಕಡೆ ಕೆಟ್ಟರೆ ತೇಪೆ ಎದ್ದು ಕಾಣುತ್ತದೆ.

ಆರೈಕೆಯೂ ಜಾಸ್ತಿ. ಎರಡು ಮೂರು ವರ್ಷಕ್ಕೊಮ್ಮೆ ಸೀಲರ್, ಅಂದರೆ ಮೇಲ್ಮೈ ಕಾಯುವ ಲೇಪ, ಬಳಿಯಬೇಕು. ಬಿಸಿಲಲ್ಲಿ ಬಳಿದರೆ ಗುಳ್ಳೆ ಏಳುತ್ತದೆ, ತೇವದ ಮೇಲೆ ಬಳಿದರೆ ಬೆಳ್ಳಗಾಗುತ್ತದೆ. ಸೀಲರ್ ಹಾಕಿದ ನೆಲ ಒದ್ದೆಯಾದರೆ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಜಾರದಂತೆ ತಡೆಯುವ ಪುಡಿಯನ್ನು ಅದರಲ್ಲಿ ಬೆರೆಸಿಯೇ ಬಳಿಸಿ. ನಮ್ಮ ಅವ್ವ ಒಮ್ಮೆ ಜಾರಿ ಗೋಡೆ ಹಿಡಿದುಕೊಂಡಳು. ಆಮೇಲೆ ನಾವೂ ಹಾಗೆ ಮಾಡಿದೆವು. ಅವಳಿಗೆ ಇನ್ನೊಂದು ಬೇಸರವೂ ಇದೆ. ಅಚ್ಚಿನ ಗೆರೆಗಳ ಮೇಲೆ ರಂಗೋಲಿ ಎಳೆ ನೇರ ಬರುವುದಿಲ್ಲ.

ಪೇವರ್ ಬ್ಲಾಕ್ ಅಷ್ಟು ಚೆಂದ ಕಾಣುವುದಿಲ್ಲ, ನಿಜ. ಆದರೆ ಎರೆಮಣ್ಣಿಗೆ ಅದೇ ಹೊಂದುತ್ತದೆ. ನೆಲ ಅಲುಗಾಡಿದರೆ ಬ್ಲಾಕ್‌ಗಳೂ ಸ್ವಲ್ಪ ಸರಿದಾಡುತ್ತವೆ, ಒಡೆಯುವುದಿಲ್ಲ. ನಾವು ಒಂದು ಅಡಿ ಎರೆಮಣ್ಣು ತೆಗೆಸಿ ಗರಸು ತುಂಬಿಸಿ ಬಡಿಸಿದೆವು. ಅದರ ಮೇಲೆ ಒಂದು ಇಂಚು ಮರಳು, ಆಮೇಲೆ ಬ್ಲಾಕು. ಕಾರಿನ ಗಾಲಿ ನಿಲ್ಲುವ ಕಡೆ ಮಾತ್ರ ತಗ್ಗಾಯಿತು. ನಾವು ಹಾಕಿಸಿದ್ದು 60 ಮಿಲಿಮೀಟರ್ ಬ್ಲಾಕ್. ಕಾರು ನಿಲ್ಲುವ ಜಾಗಕ್ಕೆ 80ರದ್ದೇ ಇರಲಿ. ಆದರೂ ರಿಪೇರಿ ಎಷ್ಟು ಸಲೀಸು ನೋಡಿ. ಗೌಂಡಿ ಬಂದು ಅಷ್ಟು ಬ್ಲಾಕ್ ಕಿತ್ತು, ಮರಳು ಸೇರಿಸಿ, ಅವೇ ಬ್ಲಾಕ್ ಕೂರಿಸಿ ಮಧ್ಯಾಹ್ನದ ಊಟಕ್ಕೆ ಹೊರಟ. ಸಂದಿಯಲ್ಲಿ ಗರಿಕೆ ಬರುತ್ತದೆ, ಇರುವೆ ಮರಳು ತೋಡುತ್ತವೆ. ವರ್ಷಕ್ಕೊಮ್ಮೆ ಮರಳು ಗುಡಿಸಿ ತುಂಬಿದರೆ ಸಾಕು. ಅಂಚಿಗೆ ಗಟ್ಟಿ ಕಟ್ಟೆ ಮಾತ್ರ ಬೇಕೇ ಬೇಕು. ಇಲ್ಲದಿದ್ದರೆ ಸಾಲು ಹೊರಗೆ ಸರಿಯುತ್ತದೆ.

ಹಿತ್ತಲಿನದು ನನಗೆ ತುಂಬಾ ಇಷ್ಟ. ಕಾಂಕ್ರೀಟ್ ಮಟ್ಟ ಮಾಡಿದ ಮೇಲೆ ಗೌಂಡಿ ಸಕ್ಕರೆ ನೀರು ಸಿಂಪಡಿಸಿದ. ಸಕ್ಕರೆ ಸಿಮೆಂಟನ್ನು ಬೇಗ ಗಟ್ಟಿಯಾಗಲು ಬಿಡುವುದಿಲ್ಲ. ಕೆಳಗಿನದು ಬಿಗಿದ ಮೇಲೆ ನೀರು ಬಿಟ್ಟು ಬ್ರಷ್‌ನಿಂದ ತಿಕ್ಕಿದರೆ ಮೇಲಿನ ತೆಳು ಗಾರೆ ಹೋಗಿ ಜಲ್ಲಿ ಕಾಣುತ್ತದೆ. ಗೋಣಿಚೀಲ ಹೊದಿಸಿ ಹತ್ತು ದಿನ ನೀರುಣಿಸಿದೆವು. ಇಲ್ಲಿ ಬಣ್ಣ ಕಲ್ಲಿನದೇ, ಹಾಗಾಗಿ ಬಿಸಿಲಿಗೆ ಮಾಸಿಲ್ಲ. ಬಟ್ಟೆ ಒಗೆಯುವ ಜಾಗದಲ್ಲೂ ಜಾರುವುದಿಲ್ಲ. ಆದರೆ ಕ್ರಷರ್ ಜಲ್ಲಿ ಬರಿಗಾಲಿಗೆ ಚುಚ್ಚುತ್ತದೆ, ದುಂಡಗಿನ ಕಲ್ಲು ಆರಿಸಿ. ಮೆಣಸಿನಕಾಯಿ ಒಣಗಿಸಲು ಹಾಸು ಹಾಕಲೇಬೇಕು. ನಮ್ಮ ಬೋರ್ ನೀರು ಗಡುಸು, ನಲ್ಲಿ ಕೆಳಗೆ ಬಿಳಿ ಕಲೆ ಕಟ್ಟುತ್ತದೆ. ಹುಣಸೆಹಣ್ಣಿನ ನೀರಿನಲ್ಲಿ ತಿಕ್ಕಲು ಹೋಗಬೇಡಿ, ಹುಳಿ ಸಿಮೆಂಟನ್ನೂ ತಿನ್ನುತ್ತದೆ. ಒಣ ಬ್ರಷ್ ಸಾಕು.

ಇವತ್ತು ಹೊಸದಾಗಿ ಮಾಡಿಸುವುದಾದರೆ ಮನೆ ಮುಂದೆ ಪೂರ್ತಿ ಪೇವರ್, ಹಿತ್ತಲಿಗೆ ಜಲ್ಲಿ ಕಾಣುವ ಕಾಂಕ್ರೀಟ್. ಸ್ಟ್ಯಾಂಪ್ ಬೇಕೇ ಬೇಕು ಅನ್ನುವವರು ನೆರಳಿರುವ ಪಡಸಾಲೆಗೆ ಹಾಕಿಸಿ. ಈ ಡಿಸೆಂಬರ್‌ನಲ್ಲಿ ಗೇಟಿನ ಕಡೆಯ ಬಿರುಕು ಬಿಟ್ಟ ಭಾಗ ಒಡೆಸುತ್ತಿದ್ದೇವೆ. ಹೊಸ್ತಿಲ ಮುಂದೆ ಮಾತ್ರ ನಾಲ್ಕು ಅಡಿ ಜಾಗ ನುಣುಪು ಸಿಮೆಂಟಿಗೆ ಬಿಡಲು ಗೌಂಡಿಗೆ ಹೇಳಿದ್ದೇವೆ, ಅವ್ವನ ರಂಗೋಲಿಗೆ.