ಖನಿಜ ಗುರುತಿಸಲು ಕಲಿಸುವುದು: ಚಿತ್ರಪಟವೋ, ಕವಲುಪಟ್ಟಿಯೋ, ಜೋಡಿಕಲ್ಲೋ?

ಮೂರನ್ನೂ ತರಗತಿಯಲ್ಲಿ ಬಳಸಿ ನೋಡಿದ ಮೇಲೆ ನಮ್ಮ ಒಲವು ಜೋಡಿಕಲ್ಲುಗಳ ಕಡೆಗೆ.

ಚಿತ್ರಪಟ ಹಿಡಿದವರು ಬಣ್ಣವನ್ನೇ ನೆಚ್ಚಿಕೊಳ್ಳುತ್ತಾರೆ. ಬೆಣಚುಕಲ್ಲು ಬಿಳಿ, ನೇರಳೆ, ಗುಲಾಬಿ, ಹೊಗೆಬಣ್ಣ ಹೇಗೂ ಇರಬಹುದು, ಪಟದಲ್ಲಿರುವುದು ಒಂದೇ. ಕೊನೆಗೆ ಉತ್ತರ ತಾಳೆ ನೋಡಲು ಮಾತ್ರ ಅದು ಸಾಕು.

ಹೌದು-ಅಲ್ಲ ಪ್ರಶ್ನೆಗಳ ಕವಲುಪಟ್ಟಿ ಇದಕ್ಕಿಂತ ವಾಸಿ, ಪರೀಕ್ಷೆ ಮಾಡಿಸುತ್ತದೆ. ಆದರೆ ಮೊದಲ ಕವಲಿನಲ್ಲೇ ಎಡವಿದರೆ ಕೊನೆಯವರೆಗೂ ತಪ್ಪು ದಾರಿ. ‘ಲೋಹದ ಹೊಳಪಿದೆಯೇ?’ ಎಂದು ಶುರುವಾದರೆ, ಮಣ್ಣಿನಂತೆ ಮಂಕಾದ ಹೆಮಟೈಟ್ (ಕಬ್ಬಿಣದ ಅದಿರು) ಅಲ್ಲೇ ಕೈತಪ್ಪುತ್ತದೆ. ಅದರ ಹೆಸರನ್ನು ಎರಡೂ ಕವಲಿನಲ್ಲಿ ಬರೆಯಬೇಕು.

ಜೋಡಿ ವಿಧಾನದಲ್ಲಿ, ನೋಡಲು ಒಂದೇ ಥರದ ಎರಡು ಕಲ್ಲು ಕೊಟ್ಟು, ಬೇರ್ಪಡಿಸುವ ಪರೀಕ್ಷೆಯನ್ನು ಮಕ್ಕಳೇ ಆರಿಸಬೇಕು. ನಾಲ್ವರ ಗುಂಪಿಗೆ ಗಾಜಿನ ತುಂಡು, ಉಕ್ಕಿನ ಮೊಳೆ, ಮೆರುಗಿಲ್ಲದ ಪಿಂಗಾಣಿ ಬಿಲ್ಲೆ, ಆಯಸ್ಕಾಂತ ಮತ್ತು ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದ ಹನಿಸೀಸೆ ಬೇಕು. ಆಮ್ಲ ಮುಟ್ಟುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ.

ಬಿಳಿ ಬೆಣಚುಕಲ್ಲು ಮತ್ತು ಕ್ಯಾಲ್ಸೈಟ್: ಮೊದಲನೆಯದರ ಗಡಸುತನ (1ರಿಂದ 10ರ ಮೋಸ್ ಅಳತೆಯಲ್ಲಿ) 7, ಗಾಜನ್ನು ಗೀರುತ್ತದೆ, ಎರಡನೆಯದು 3, ಆಮ್ಲದ ಒಂದೇ ಹನಿಗೆ ನೊರೆಯುಕ್ಕುತ್ತದೆ. ಇಲ್ಲಿ ಆಗುವ ತಪ್ಪು ಒಂದೇ: ಮೆದು ಕಲ್ಲು ಗಾಜಿನ ಮೇಲೆ ಬಿಟ್ಟ ಪುಡಿಯನ್ನು ಗೀರು ಎಂದುಕೊಳ್ಳುವುದು. ಒದ್ದೆ ಬೆರಳಲ್ಲಿ ಒರೆಸಿ, ಉಗುರಿಗೆ ಸಿಕ್ಕಿದರೆ ಮಾತ್ರ ಗೀರು. ಗಾಜನ್ನು ಕೈಯಲ್ಲಿ ಹಿಡಿಯಬಾರದು, ಮೇಜಿನ ಮೇಲಿಡಬೇಕು. ಕಲ್ಲಿನ ಸವೆದ ಮೈ ಬಿಟ್ಟು ಹೊಸದಾಗಿ ಒಡೆದ ಮೈಯನ್ನೇ ಪರೀಕ್ಷಿಸಬೇಕು.

ಹೆಮಟೈಟ್ ಮತ್ತು ಮ್ಯಾಗ್ನಟೈಟ್: ಬಿಲ್ಲೆಗೆ ಉಜ್ಜಿದರೆ ಮೊದಲನೆಯದರ ಪುಡಿ ಕೆಂಗಂದು, ಎರಡನೆಯದರದು ಕಪ್ಪು, ಆಯಸ್ಕಾಂತ ಬಲವಾಗಿ ಹಿಡಿಯುವುದು ಎರಡನೆಯದನ್ನು. ಬಿಲ್ಲೆಯ ಗಡಸುತನ 7ರ ಆಸುಪಾಸು. ಅದಕ್ಕಿಂತ ಗಟ್ಟಿ ಖನಿಜ ಉಜ್ಜಿದಾಗ ಕಾಣುವ ಬಿಳಿ ಪುಡಿ ಬಿಲ್ಲೆಯದೇ.

ಪೈರೈಟ್ ಮತ್ತು ಚಾಲ್ಕೋಪೈರೈಟ್: ಎರಡರ ಪುಡಿಯೂ ಹಸಿರುಗಪ್ಪು, ಹಾಗಾಗಿ ಬಿಲ್ಲೆ ನೆರವಾಗದು. ಮೊಳೆ ಚಾಲ್ಕೋಪೈರೈಟನ್ನು ಗೀರುತ್ತದೆ, ಪೈರೈಟನ್ನು ಗೀರುವುದಿಲ್ಲ.

ಹೆಚ್ಚು ಸಮಯ ಕೊಡಬೇಕಾದ ಜೋಡಿ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಎರಡೂ ಗಾಜನ್ನು ಗೀರುತ್ತವೆ, ಎರಡಕ್ಕೂ ಆಮ್ಲ ತಾಗದು. ದೀಪದ ಕೆಳಗೆ ಕಲ್ಲನ್ನು ನಿಧಾನವಾಗಿ ತಿರುಗಿಸಬೇಕು. ಫೆಲ್ಡ್‌ಸ್ಪಾರ್‌ನ ಸೀಳುಮೈಗಳು (ಒಡೆದಾಗ ಚಪ್ಪಟೆಯಾಗಿ ಸೀಳಿಬರುವ ಮೈಗಳು) ಮೆಟ್ಟಿಲಿನಂತಿದ್ದರೂ ಒಂದೇ ಕೋನದಲ್ಲಿ ಒಟ್ಟಿಗೆ ಮಿಂಚುತ್ತವೆ. ಇಂಥ ಎರಡು ದಿಕ್ಕುಗಳ ನಡುವೆ ಹೆಚ್ಚುಕಡಿಮೆ 90 ಡಿಗ್ರಿ. ಬೆಣಚುಕಲ್ಲು ಕಪ್ಪೆಚಿಪ್ಪಿನಂತೆ ಬಾಗಿದ ಮೈ ಬಿಟ್ಟು ಒಡೆಯುತ್ತದೆ. ಅದರ ಹರಳಿನ ಚಪ್ಪಟೆ ಮೈಗಳನ್ನು ಸೀಳು ಎಂದು ಬರೆಯುವ ವಿದ್ಯಾರ್ಥಿಗೆ, ಹರಳು ಬೆಳೆದ ಮೈ ಬೇರೆ, ಒಡೆದ ಮೈ ಬೇರೆ ಎಂಬುದನ್ನು ಒಡೆದ ತುಂಡನ್ನೇ ಪಕ್ಕದಲ್ಲಿಟ್ಟು ತೋರಿಸಬೇಕು.