ಬಿದಿರಿನ ಸ್ಟೀಮರ್, ನಾಲ್ಕು ವರ್ಷದ ನಂತರ: ಮುಚ್ಚಳಕ್ಕೆ ಐದು ಸ್ಟಾರ್, ತಳಕ್ಕೆ ಮೂರು

ಹತ್ತು ಇಂಚಿನ ಬಿದಿರಿನ ಸ್ಟೀಮರ್. ಎರಡು ಅಂತಸ್ತು, ಮೇಲೊಂದು ಹೆಣೆದ ಮುಚ್ಚಳ. ನಾವಿರುವ ಹಾಂಗ್‌ಕಾಂಗ್‌ನಲ್ಲಿ ಇದಕ್ಕೆ ಜಿಂಗ್ ಲುಂಗ್ ಅನ್ನುತ್ತಾರೆ. ಕೊಂಡಿದ್ದು ಇಲ್ಲಿನ ಯಾವ್ ಮಾ ತೇ ಬಡಾವಣೆಯ ಶಾಂಘೈ ಸ್ಟ್ರೀಟ್‌ನಲ್ಲಿ, 240 ಹಾಂಗ್‌ಕಾಂಗ್ ಡಾಲರಿಗೆ. ವಾರಕ್ಕೆ ಎರಡು ಸಲವಾದರೂ ಒಲೆ ಏರುತ್ತದೆ. ನಾಲ್ಕು ವರ್ಷದಲ್ಲಿ ಹೊಸ ಬಿದಿರಿನ ಬಣ್ಣ ಹೋಗಿ ಚಹಾದ ಬಣ್ಣ ಬಂದಿದೆ. ತಳದಲ್ಲಿ ಒಂದು ಕಡೆ ಸುಟ್ಟ ಕಲೆಯೂ ಇದೆ. ಅದರ ಕಥೆ ಆಮೇಲೆ.

ಇದು ನನ್ನ ಎರಡನೇ ಸ್ಟೀಮರ್. ಮೊದಲನೆಯದನ್ನು ಆನ್‌ಲೈನ್‌ನಲ್ಲಿ 70 ಡಾಲರಿಗೆ ತರಿಸಿದ್ದೆ. ನೋಡಲು ಇದಕ್ಕಿಂತ ಚೆನ್ನಾಗಿತ್ತು. ಆದರೆ ಮೊದಲ ಸಲ ಹಬೆ ತಾಗಿದಾಗಲೇ ಅಂಟಿನ ವಾಸನೆ ಮನೆಯೆಲ್ಲ ತುಂಬಿತು. ಮೂರು ಸಲ ಖಾಲಿ ಬೇಯಿಸಿದೆ, ವಾಸನೆ ಹೋಗಲಿಲ್ಲ. ಆರನೇ ತಿಂಗಳಲ್ಲಿ ಒಂದು ಭಾನುವಾರ ತಳ ಕಳಚಿಕೊಂಡು ನಾಲ್ಕು ಬಾವ್ (ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಮೆತ್ತನೆ ಬನ್) ಸೀದಾ ಕುದಿಯುವ ನೀರಿಗೆ ಬಿದ್ದವು. ಮಾರಿದವರಿಗೆ ಬರೆದೆ. "ಬಿದಿರು ನೈಸರ್ಗಿಕ ವಸ್ತು" ಅಂತ ಉತ್ತರ ಬಂತು. ಅಂಟೂ ನೈಸರ್ಗಿಕವೇ ಅಂತ ಕೇಳಬೇಕಿತ್ತು, ಸುಮ್ನೆ ಬಿಟ್ಟೆ.

ಶಾಂಘೈ ಸ್ಟ್ರೀಟ್‌ನಲ್ಲಿ ಪಾತ್ರೆ, ಚಾಕು, ಕತ್ತರಿಸುವ ಮಣೆ ಮಾರುವ ಅಂಗಡಿಗಳು ಸಾಲಾಗಿ ಇವೆ. ಹೋಟೆಲಿನವರೂ ಅಲ್ಲೇ ಕೊಳ್ಳುತ್ತಾರೆ. ಇಲ್ಲಿನ ಭಾಷೆ ಕ್ಯಾಂಟನೀಸ್. ನನ್ನದು ಆಗ 'ಮ್ ಗೊಯ್', ಅಂದರೆ 'ಥ್ಯಾಂಕ್ಸ್', ದಾಟಿರಲಿಲ್ಲ. ನಾನು ಹನ್ನೆರಡು ಇಂಚಿನದಕ್ಕೆ ಕೈ ಹಾಕಿದೆ. ಅಂಗಡಿಯ ಹೆಂಗಸು ಎರಡು ಕೈ ಅಗಲಿಸಿ, ನಿನ್ನ ಬಾಣಲೆ ಎಷ್ಟಗಲ ಅಂತ ಸನ್ನೆಯಲ್ಲೇ ಕೇಳಿದರು. ನಾನೂ ಕೈಯಲ್ಲೇ ತೋರಿಸಿದೆ. ಅವರು ಹನ್ನೆರಡು ಇಂಚಿನದನ್ನು ಕಿತ್ತುಕೊಂಡು ಹತ್ತರದ್ದು ಕೊಟ್ಟರು. ಆಮೇಲೆ ಅದನ್ನು ಬೋರಲು ಹಾಕಿ ತಳ ತೋರಿಸಿದರು. ಪಟ್ಟಿಗಳನ್ನು ಬಳೆಗೆ ಹಿಡಿದಿದ್ದು ಬಿದಿರಿನ ಸಣ್ಣ ಗೂಟಗಳು. ಅಂಟು ಎಲ್ಲೂ ಇಲ್ಲ. ದೊಡ್ಡದನ್ನು ಮಾರಬಹುದಾಗಿದ್ದರೂ ಚಿಕ್ಕದನ್ನು ಕೊಟ್ಟ ಆ ಅಂಗಡಿಯವರ ಮೇಲೆ ನನಗೆ ಇವತ್ತಿಗೂ ಗೌರವ.

ಈಗ ಮುಚ್ಚಳದ ವಿಷಯ. ಹಬೆ ನಮಗೇನು ಹೊಸದಲ್ಲ. ಇಡ್ಲಿ ಪಾತ್ರೆಯಲ್ಲಿ ಹುಟ್ಟಿ ಬೆಳೆದವರು ನಾವು. ಹಾಗಿರುವಾಗ ಇನ್ನೊಂದು ಯಾಕೆ ಬೇಕು ಅಂತ ನನ್ನ ಹೆಂಡತಿ ಕೇಳಿದ್ದಳು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಡೆ ನೀರು ಸಾಲುಗಟ್ಟಿ ನಿಂತಿರುತ್ತದೆ ಅಲ್ವಾ? ಇಡ್ಲಿಗೆ ಅದರಿಂದ ಅಂಥ ನಷ್ಟವಿಲ್ಲ. ಬಾವ್ ಮೇಲೆ ಒಂದು ಹನಿ ಬಿದ್ದರೆ ಅಲ್ಲೊಂದು ಗುಳಿ ಬಿದ್ದು ಹಳದಿ ಕಲೆಯಾಗಿ, ಅಷ್ಟು ಜಾಗ ಅಂಟಂಟಾಗುತ್ತದೆ. ಬಿದಿರಿನ ಮುಚ್ಚಳ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಹೆಚ್ಚಾದ ಹಬೆಯನ್ನು ಹೆಣಿಗೆಯ ಸಂದಿಯಿಂದ ಹೊರಗೆ ಬಿಡುತ್ತದೆ. ಲೋಹದ ಮುಚ್ಚಳಕ್ಕೆ ಬಟ್ಟೆ ಕಟ್ಟಿಯೂ ಕೆಲಸ ಸಾಗಿಸಬಹುದು, ನಾನೂ ಎಷ್ಟೋ ಸಲ ಮಾಡಿದ್ದೇನೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಬೇಯಿಸಿದ ದಿನ ಹೆಂಡತಿ ಮಾತು ನಿಲ್ಲಿಸಿ ಬಾವ್ ತಿಂದಳು.

ನಾನು ಮಾಡುವುದು ಚಾರ್ ಸಿಯು ಬಾವ್, ಅಂದರೆ ಸಿಹಿ ಮಸಾಲೆ ಸವರಿ ಸುಟ್ಟ ಹಂದಿ ಮಾಂಸ ತುಂಬಿದ್ದು. ಒಳಗಿನ ಹಂದಿ ಮಾಂಸವನ್ನು ನಾನು ಹುರಿಯುವುದಿಲ್ಲ. ಕೆಳಗಿನ ಸಿಯು ಮೇಯ್ (ಸುಟ್ಟ ಮಾಂಸದ) ಅಂಗಡಿಯಿಂದ ತಂದು, ಸಣ್ಣಗೆ ಹೆಚ್ಚಿ, ಆಯ್ಸ್ಟರ್ ಸಾಸ್‌ನಲ್ಲಿ ಕಲಸುತ್ತೇನೆ. ಹನ್ನೆರಡು ನಿಮಿಷ ಹಬೆ. ಒಲೆ ಆರಿಸಿದ ತಕ್ಷಣ ಮುಚ್ಚಳ ತೆಗೆಯಬೇಡಿ. ನಾಲ್ಕೈದು ನಿಮಿಷ ಕಾಯಿರಿ, ಇಲ್ಲದಿದ್ದರೆ ಉಬ್ಬಿದ್ದೆಲ್ಲ ಕಣ್ಣೆದುರೇ ಕುಸಿಯುತ್ತದೆ. ಹೋಟೆಲಿನ ಬಾವ್ ನೆತ್ತಿ ಬಿರಿದು ನಗುತ್ತಿರುತ್ತದೆ. ನನ್ನದು ಮೂರಕ್ಕೊಂದು ನಗುತ್ತದೆ, ಉಳಿದವು ಬಾಯಿ ಬಿಡುವುದಿಲ್ಲ. ಅದು ಹಿಟ್ಟಿನ ತಪ್ಪು, ಸ್ಟೀಮರ್‌ದಲ್ಲ.

ಹಾರ್ ಗಾವ್ ವಿಷಯಕ್ಕೆ ಬಂದರೆ, ಯಾವ ಸ್ಟೀಮರ್ ಕೊಂಡರೂ ಅದು ಮಾತ್ರ ನಿಮ್ಮನ್ನು ಉಳಿಸುವುದಿಲ್ಲ. ಗಾಜಿನಂಥ ಕಣಕದೊಳಗೆ ಸೀಗಡಿ ಕೆಂಪಗೆ ಕಾಣುತ್ತದಲ್ಲ, ಅದೇ. ಕಣಕಕ್ಕೆ ಬೇಕಾದದ್ದು ಅಂಟಿನಂಶ ತೆಗೆದ ಗೋಧಿಯ ಪುಡಿ. ನಮ್ಮ ಗೋಧಿ ಹಾಲಿನ ಹಲ್ವಕ್ಕೆ ನೀರಿನಲ್ಲಿ ಇಳಿಸುತ್ತೇವಲ್ಲ, ಅದೇ ಬಿಳಿ ಹಿಟ್ಟನ್ನು ಒಣಗಿಸಿದ್ದು ಅಂದುಕೊಳ್ಳಿ. ಅದು 100 ಗ್ರಾಂ, ಮರಗೆಣಸಿನ ಹಿಟ್ಟು 50 ಗ್ರಾಂ, ನೀರು 200 ಮಿ.ಲೀ. ಹತ್ತಿರ. ಆ ನೀರು ಮರಳುತ್ತಿರಬೇಕು. ಮೊದಲ ಎರಡು ತಿಂಗಳು ನಾನು ಕೆಟಲ್ ಆಫ್ ಆದ ಮೇಲೆ ಫೋನ್ ನೋಡಿಕೊಂಡು ಬಂದು ಸುರಿಯುತ್ತಿದ್ದೆ. ಕಣಕ ಬಿರುಕು ಬಿಡುತ್ತಿತ್ತು. ಕಾರಣ ಗೊತ್ತಾಗಲಿಲ್ಲ. ಒಂದು ದಿನ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಅಯ್ಯೋ, ಇದು ಉಕ್ಕರಿಸೋದು ಕಣೋ. ಅಕ್ಕಿ ರೊಟ್ಟಿಗೆ ಹಂಗೆ ತಣ್ಣೀರು ಹುಯ್ತಾರಾ?" ಅಂದರು. ಅಲ್ಲಿಗೆ ಬಿರುಕು ನಿಂತಿತು.

ನೆರಿಗೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಇಲ್ಲಿನ ಅಡುಗೆಯವರು ಎಣ್ಣೆ ಸವರಿದ ಅಗಲ ಚಾಕುವಿನ ಮಗ್ಗುಲಲ್ಲಿ ಉಂಡೆಯನ್ನು ಒತ್ತಿ, ತಿರುಗಿಸಿದರೆ ಸಾಕು, ತೆಳ್ಳನೆ ಹಾಳೆ ಆಗುತ್ತದೆ. ಒಂದೇ ಕಡೆ ಹತ್ತಕ್ಕೂ ಜಾಸ್ತಿ ನೆರಿಗೆ ಹಿಡಿಯುತ್ತಾರೆ. ನನ್ನದು ಏಳಕ್ಕೆ ನಿಂತಿದೆ. ಮೋದಕ ಮಾಡುವವರಿಗೆ ಇದು ಬೇಗ ಬರಬಹುದು. ಹೂರಣ ಸುಲಭ. ಸೀಗಡಿಯನ್ನು ಉಪ್ಪು, ಕಾರ್ನ್‌ಫ್ಲೋರ್ ಹಾಕಿ ತಿಕ್ಕಿ, ತಣ್ಣೀರಲ್ಲಿ ತೊಳೆದು, ಒತ್ತಿ ಒಣಗಿಸಬೇಕು. ಈ ಒಂದು ಕೆಲಸ ತಪ್ಪಿಸಿದರೆ ಕಚ್ಚಿದಾಗ ಕಟುಮ್ ಅನ್ನುವುದಿಲ್ಲ. ಆಮೇಲೆ ಬಿಳಿ ಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಹುರಿದ ಎಳ್ಳಿನ ಎಣ್ಣೆ, ಸಣ್ಣಗೆ ಹೆಚ್ಚಿದ ಕಳಲೆ. ಹೌದು, ನಮ್ಮ ಮಳೆಗಾಲದ ಕಳಲೆಯೇ. ತೀರ್ಥಹಳ್ಳಿ ಕಡೆಯವನಾದ ನನಗೆ ಇಲ್ಲಿನ ಡಬ್ಬಿಯಲ್ಲಿ ಅದನ್ನು ನೋಡಿ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಬೇಯಲು ಆರು ನಿಮಿಷ ಸಾಕು. ಅಡಿಗೆ ಎಲೆಕೋಸಿನ ಎಲೆ ಅಥವಾ ತೆಳ್ಳಗೆ ಹೆಚ್ಚಿದ ಕ್ಯಾರೆಟ್ ಬಿಲ್ಲೆ ಹಾಕಿ. ಇಲ್ಲದಿದ್ದರೆ ಕಣಕ ಬಿದಿರಿಗೆ ಹಿಡಿದು, ಸೀಗಡಿ ಮಾತ್ರ ನಿಮ್ಮ ಕೈಗೆ ಬರುತ್ತದೆ.

ನಿಜ ಹೇಳಬೇಕೆಂದರೆ ಈ ಸ್ಟೀಮರ್‌ನಲ್ಲಿ ನಾನು ಅತಿ ಹೆಚ್ಚು ಮಾಡುವುದು ಲೋ ಬಾಕ್ ಗೋ. ಮೂಲಂಗಿ ತುರಿದು, ಅದರದೇ ನೀರಿನಲ್ಲಿ ಬೇಯಿಸಿ, ಅಕ್ಕಿ ಹಿಟ್ಟು ಕಲಸಿ, ಕೇಕ್ ತಟ್ಟೆಗೆ ಸುರಿದು ಒಂದು ಗಂಟೆ ಹಬೆಯಲ್ಲಿ ಇಡುವುದು. ಮಾರನೇ ದಿನ ಹೋಳು ಮಾಡಿ ಕಾವಲಿಯಲ್ಲಿ ಎರಡೂ ಕಡೆ ಕೆಂಪಗೆ ಮಾಡುವುದು. ಚೀನೀ ಹೊಸ ವರ್ಷಕ್ಕೆ ಇಲ್ಲಿ ಮನೆಮನೆಯಲ್ಲೂ ಇದು ಇರುತ್ತದೆ. ಪಕ್ಕದ ಮನೆಯ ಅಜ್ಜಿ, ನಾವು ಪೋಪೋ ಅಂತ ಕರೆಯುತ್ತೇವೆ, ನನಗೆ ಕಲಿಸಿದ್ದು. ಅವರು ಲಾಪ್ ಚಾಂಗ್ ಸಾಸೇಜ್, ಒಣ ಸೀಗಡಿ ಹಾಕುತ್ತಾರೆ. ನಾನು ಒಣ ಅಣಬೆ ನೆನೆಸಿ ಹಾಕುತ್ತೇನೆ. ಪೋಪೋ ಒಂದು ಹೋಳು ತಿಂದು, ತಲೆಯಾಡಿಸಿ, ಮಾರನೇ ದಿನ ತಮ್ಮದೊಂದು ತಟ್ಟೆ ತಂದಿಟ್ಟರು. ಅದನ್ನು ಮೆಚ್ಚುಗೆ ಅನ್ನಬೇಕೋ ತಿದ್ದುಪಡಿ ಅನ್ನಬೇಕೋ ಗೊತ್ತಾಗಲಿಲ್ಲ.

ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದಾ ಅಂತ ಕೇಳಬೇಡಿ. ಯಮ್ ಚಾಗೆ, ಅಂದರೆ ಹೋಟೆಲಿನಲ್ಲಿ ಟೀ ಜೊತೆ ಇಂಥ ತಿಂಡಿ ತಿನ್ನಲು, ಹೋದರೆ ಬುಟ್ಟಿಯಲ್ಲಿ ಮೂರೋ ನಾಲ್ಕೋ ಇರುತ್ತವೆ, ನಿಮಿಷದಲ್ಲಿ ಖಾಲಿ. ಆದರೆ ಟೀ ಬಗ್ಗಿಸಿದವರಿಗೆ ಎರಡು ಬೆರಳಲ್ಲಿ ಮೇಜು ತಟ್ಟಿ ಥ್ಯಾಂಕ್ಸ್ ಹೇಳುತ್ತ ಗಂಟೆಗಟ್ಟಲೆ ಹರಟುವ ಆ ಸುಖ ಅಡುಗೆಮನೆಯಲ್ಲಿ ನಿಂತವನಿಗೆ ಎಲ್ಲಿ ಬರಬೇಕು? ಕೆಲಸದ ದಿನಗಳಲ್ಲಿ ನಾನು ಫ್ರೀಜರ್‌ನ ಸಿಯು ಮಾಯ್ (ಬಾಯಿ ತೆರೆದ ಮಾಂಸದ ಕಡುಬು) ತಂದು ಇದೇ ಬುಟ್ಟಿಯಲ್ಲಿ ಬಿಸಿ ಮಾಡಿಕೊಂಡು ತಿನ್ನುತ್ತೇನೆ. ನಾಚಿಕೆ ಏನಿಲ್ಲ.

ತಳಕ್ಕೆ ಎರಡು ಸ್ಟಾರ್ ಕಡಿಮೆ ಮಾಡಿದ್ದು ಯಾಕೆಂದರೆ ಇದಕ್ಕೆ ನೀರಿನ ಲೆಕ್ಕ ಸರಿಯಾಗಿ ಇರಬೇಕು. ಬಳೆಯ ಅಂಚು ಬಾಣಲೆಯ ನೀರಿಗೆ ತಾಗಬೇಕು, ಪಟ್ಟಿಗಳಿಗೆ ನೀರು ತಾಗಬಾರದು. ಅಂಚು ಒಣಗಿದರೆ ಹತ್ತಿಕೊಳ್ಳುತ್ತದೆ. ಲೋ ಬಾಕ್ ಗೋ ಇಟ್ಟು ಆಫೀಸಿನ ಮೀಟಿಂಗಿಗೆ ಕೂತ ದಿನ ನೀರೆಲ್ಲ ಆರಿ, ಹೊಗೆ ಬಂದ ಮೇಲೆ ನನಗೆ ಎಚ್ಚರವಾಯಿತು. ಅದೇ ಆ ಕಲೆ. ಪಟ್ಟಿ ಎರಡು ಸಡಿಲವಾಗಿವೆ. ತೆಳ್ಳನೆಯ ತಂತಿ ಸುತ್ತಿದ್ದೇನೆ.

ಅಮ್ಮ ಎರಡು ತಿಂಗಳಿಗೆ ಬಂದಿದ್ದಾಗ ಇದಕ್ಕೆ ಪರಿಹಾರ ಸಿಕ್ಕಿತು. ನೀರಿಗೆ ಒಂದು ನಾಣ್ಯ ಹಾಕು, ಕುದಿಯುವಾಗ ಟಣಟಣ ಅನ್ನುತ್ತದೆ, ಸದ್ದು ನಿಂತರೆ ನೀರು ಮುಗೀತು ಅಂತ ಲೆಕ್ಕ ಅಂದರು. ನಾನು ಐದು ಡಾಲರ್ ನಾಣ್ಯ ಕೊಟ್ಟೆ. "ಇದು ನಮ್ಮ ದುಡ್ಡಲ್ಲಿ ಎಷ್ಟು?" ಐವತ್ತು ರೂಪಾಯಿಗೂ ಜಾಸ್ತಿ ಅಂದೆ. "ಐವತ್ತು ರೂಪಾಯಿ ಬೇಯಿಸ್ತೀಯಾ? ಚಿಕ್ಕದು ಕೊಡು." ಈಗ ಹತ್ತು ಸೆಂಟಿನದೊಂದು ಬಾಣಲೆಯಲ್ಲೇ ವಾಸ. ಶನಿವಾರ ಅಮ್ಮ ಮೀನು ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಒಂದು ಅಂತಸ್ತಿಗೆ ಕೆಂಪು ದಾರ ಕಟ್ಟಿ ತಮ್ಮ ಕಡುಬಿಗೆ ಅಂತ ಇಟ್ಟುಕೊಂಡರು. ಆ ದಾರ ನಾನೂ ಬಿಚ್ಚಿಲ್ಲ. ಬಿದಿರಿಗೆ ಸೀಗಡಿ ವಾಸನೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ, ಬಾವ್‌ಗೆ ಬೇರೆ ಅಂತಸ್ತು ಇರುವುದೇ ಒಳ್ಳೆಯದು.

ಇನ್ನು ಬೂಷ್ಟು. ಇಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಗೋಡೆಗಳೇ ಬೆವರುತ್ತವೆ. ಮೊದಲ ವರ್ಷ ತೊಳೆದು ಕಪಾಟಿನಲ್ಲಿ ಮುಚ್ಚಿಟ್ಟೆ. ಹತ್ತು ದಿನಕ್ಕೆ ತೆಗೆದಾಗ ಬೂದು ಬಣ್ಣದ ತುಪ್ಪಳ. ವಿನಿಗರ್ ನೀರಲ್ಲಿ ಕುದಿಸಿ, ಬ್ರಷ್‌ನಿಂದ ತಿಕ್ಕಿ, ಕಿಟಕಿಯ ಬಿಸಿಲಿನ ಪಟ್ಟಿ ಸರಿದ ಹಾಗೆಲ್ಲ ಇದನ್ನೂ ಸರಿಸುತ್ತ ಒಣಗಿಸಿದೆ. ಮೇಲ್ಮೈಯಲ್ಲಿ ಇದ್ದದ್ದರಿಂದ ಉಳಿಯಿತು. ಕಪ್ಪಾಗಿ ಒಳಗೆ ಇಳಿದಿದ್ದರೆ ಎಸೆಯಲೇಬೇಕು. ಈಗ ಸೋಪು ಹಾಕುವುದಿಲ್ಲ, ಬಿಸಿನೀರಲ್ಲಿ ತೊಳೆದು, ಬಿಡಿಬಿಡಿಯಾಗಿ ಡಿಹ್ಯುಮಿಡಿಫೈಯರ್ ಎದುರು ರಾತ್ರಿಯೆಲ್ಲ ನಿಲ್ಲಿಸುತ್ತೇನೆ. ಕಪಾಟಿಗೆ ಹಾಕುವುದೇ ಇಲ್ಲ, ಗೋಡೆಯ ಮೊಳೆಗೆ ನೇತುಹಾಕುತ್ತೇನೆ. ಇಷ್ಟು ಉಪಚಾರ ಮಾಡಲು ಆಗದವರು ಸ್ಟೀಲಿನದೇ ಕೊಳ್ಳಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿಕೊಳ್ಳಿ.

ಕೊಳ್ಳುವವರು ಬಾಣಲೆಯ ಅಳತೆ ತೆಗೆದುಕೊಂಡು ಹೋಗಿ, ಅದಕ್ಕಿಂತ ಎರಡು ಇಂಚಾದರೂ ಚಿಕ್ಕದಿರಲಿ. ಮುಚ್ಚಳದ ಹೆಣಿಗೆ ಬಿಗಿಯಾಗಿದೆಯಾ ನೋಡಿ, ಬೋರಲು ಹಾಕಿ ಅಂಟಿನ ವಾಸನೆ ಇದೆಯಾ ಮೂಸಿ ನೋಡಿ. ಇಂಡಕ್ಷನ್ ಒಲೆ ಇರುವವರು ಪಾತ್ರೆಯ ಬಾಯಿಗೆ ಇಡುವ ಲೋಹದ ಬಳೆಯೊಂದನ್ನೂ ಕೊಳ್ಳಬೇಕು, ಅದೇನು ಭಾರಿ ಬೆಲೆಯದಲ್ಲ. ಮೊದಲ ಸಲ ಹದಿನೈದು ನಿಮಿಷ ಖಾಲಿ ಬೇಯಿಸಿ.

ಅಮ್ಮ ಊರಿಗೆ ಹೊರಟಾಗ ಎಂಟು ಇಂಚಿನದೊಂದು ಕೊಡಿಸಿದೆ. ಹೋದ ವಾರ ಫೋನಿನಲ್ಲಿ ಹೇಗಿದೆ ಅಂತ ಕೇಳಿದೆ. "ಮುಚ್ಚಳ ಚೆನ್ನಾಗಿದೆ ಕಣೋ. ತಳ ಲಡ್ಡಾಗಿತ್ತು. ನಮ್ಮ ಮೇದಾರರ ಹತ್ರ ಬೇರೆ ಹೆಣೆಸಿಕೊಂಡೆ."